ಕಾಯುವ ಕಾಲದ ಲೆಕ್ಕ

ಅಂತರ್ಜಾಲ ಬರುವ ಮುಂಚಿನ ಬದುಕೇ ಚೆನ್ನಾಗಿತ್ತು ಎನ್ನುವವರೂ ಆ ಮಾತನ್ನು ಒಪ್ಪದವರೂ ಬಹುಮಟ್ಟಿಗೆ ಒಂದೇ ಸಂಗತಿಯ ಮೇಲೆ ವಾದ ಕಟ್ಟುತ್ತಾರೆ: ಅಂದು ಎಲ್ಲವೂ ತಡವಾಗಿ ಆಗುತ್ತಿತ್ತು, ಇಂದು ಎಲ್ಲವೂ ಕೂಡಲೇ ಆಗುತ್ತದೆ. ಆ ತಡವನ್ನು ಕೆಲವರು ನೆಮ್ಮದಿ ಎಂದು ಕರೆದರೆ ಕೆಲವರು ಕೊರತೆ ಎಂದು ಕರೆಯುತ್ತಾರೆ. ಆದರೆ ಕಾದವರು ಯಾರು, ಕಾಯಿಸಿದವರು ಯಾರು, ಕಾದದ್ದಕ್ಕೆ ಕೊನೆಗೆ ಸಿಕ್ಕಿದ್ದೇನು ಎಂಬುದನ್ನು ಬಿಡಿಸಿ ನೋಡದ ಹೊರತು ಈ ವಾದಕ್ಕೆ ಹುರುಳು ಬರುವುದಿಲ್ಲ. ಕರ್ನಾಟಕದ ಮಟ್ಟಿಗೆ 1970ರಿಂದ 1995ರವರೆಗಿನ ಕಾಲು ಶತಮಾನವನ್ನು ಎದುರಿಗಿಟ್ಟುಕೊಂಡು ನೋಡಿದರೆ, ಅಂದಿನ ಕಾಯುವಿಕೆ ಒಂದೇ ಬಗೆಯದಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಎರಡು ಕಡೆಯವರೂ ಒಬ್ಬರಿಗಾಗಿ ಒಬ್ಬರು ಕಾಯುತ್ತಿದ್ದ ಸಂದರ್ಭಗಳಿದ್ದವು. ಒಬ್ಬರು ಕುರ್ಚಿಯಲ್ಲಿ ಕುಳಿತು ಇನ್ನೊಬ್ಬರನ್ನು ಬಾಗಿಲ ಬಳಿ ನಿಲ್ಲಿಸಿಕೊಳ್ಳುತ್ತಿದ್ದ ಸಂದರ್ಭಗಳೂ ಇದ್ದವು. ಹಳೆಯ ಕಾಲವನ್ನು ನೆನೆದು ಮರುಗುವವರು ಮೊದಲನೆಯದನ್ನು ಮಾತ್ರ ನೆನೆಯುತ್ತಾರೆ, ಎರಡನೆಯದು ಅವರ ಪಾಲಿಗೆ ಬಂದಿರಲಿಲ್ಲ ಎಂಬುದೇ ಅನೇಕ ವೇಳೆ ಅದಕ್ಕೆ ಕಾರಣವಾಗಿರುತ್ತದೆ.

ಮೊದಲ ಬಗೆಯ ಕಾಯುವಿಕೆ ಎದ್ದು ಕಾಣುವುದು ಕಾಗದಗಳಲ್ಲಿ. ಇನ್‌ಲ್ಯಾಂಡ್ ಲೆಟರ್ ಎಂದರೆ ಅಂಚೆ ಇಲಾಖೆಯೇ ಮುದ್ರಿಸಿ ಮಾರುತ್ತಿದ್ದ, ಮಡಿಚಿ ಅಂಟಿಸಿದರೆ ತಾನೇ ಲಕೋಟೆಯಾಗುತ್ತಿದ್ದ ತಿಳಿನೀಲಿ ಹಾಳೆ. ಅದರೊಳಗೆ ಬೇರೆ ಚೀಟಿಯನ್ನಾಗಲಿ ಹೆಚ್ಚಿನ ಪುಟವನ್ನಾಗಲಿ ಇಡುವಂತಿರಲಿಲ್ಲ. ಹೀಗಾಗಿ ಬರೆಯುವವರು ಮೊದಲ ಮಡಿಕೆಯಲ್ಲಿ ಧಾರಾಳವಾಗಿ ಅಕ್ಷರ ಬಿಡಿಸಿ, ತೀರ್ಥರೂಪರಿಗೆ ನಮಸ್ಕಾರ ಹೇಳಿ, ಮಳೆಬೆಳೆ ವಿಚಾರಿಸಿ, ಕೊನೆಯ ಮಡಿಕೆಗೆ ಬರುವ ಹೊತ್ತಿಗೆ ಸಾಲುಗಳನ್ನು ಇಕ್ಕಟ್ಟು ಮಾಡಿಕೊಂಡು, ಗೋಂದು ಹಚ್ಚಿದ ಅಂಚಿನ ಪಕ್ಕದಲ್ಲಿ ಅಡ್ಡಡ್ಡವಾಗಿ ಇನ್ನೆರಡು ಸಾಲು ತುರುಕುತ್ತಿದ್ದರು. ಹಣ ಬೇಕಾಗಿದೆ ಎಂಬುದೋ, ಹೆಣ್ಣು ನೋಡಲು ಬರುತ್ತಾರೆ ಎಂಬುದೋ, ಕಾಗದ ಬರೆಯಲು ನಿಜವಾದ ಕಾರಣ ಯಾವುದಿತ್ತೋ ಅದು ಬಹಳ ಸಲ ಆ ಅಡ್ಡಸಾಲಿನಲ್ಲಿಯೇ ಇರುತ್ತಿತ್ತು. ಮಂಗಳ ಕಾರ್ಯದ ಕಾಗದಕ್ಕೆ ಮೂಲೆಗಳಲ್ಲಿ ಅರಿಸಿನ ಹಚ್ಚುವುದು, ಸಾವಿನ ಸುದ್ದಿ ತಂದ ಕಾರ್ಡನ್ನು ಮನೆಯೊಳಗೆ ಒಯ್ಯದೆ ಹೊರಗೇ ಓದಿ ಹರಿದು ಹಾಕುವುದು ರೂಢಿಯಾಗಿತ್ತು. 1991ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಓದು ಬರಹ ಬಲ್ಲವರು ನೂರಕ್ಕೆ 56ರಷ್ಟು ಮಾತ್ರ ಇದ್ದುದರಿಂದ, ಕಾಗದ ತಲುಪಿದ ಮೇಲೂ ಅದನ್ನು ಓದಿ ಹೇಳುವವರಿಗಾಗಿ ಕಾಯಬೇಕಿತ್ತು. ಅಂಚೆಯಣ್ಣನೋ, ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗನೋ ಜಗಲಿಯ ಮೇಲೆ ಕುಳಿತು ಓದುವಾಗ ಮನೆಯ ಗುಟ್ಟು ಕೇರಿಯ ಕಿವಿಗೂ ಬೀಳುತ್ತಿತ್ತು. ಹಿಂದೆ ಖಾಸಗಿತನ ಹೆಚ್ಚಾಗಿತ್ತು ಎಂಬ ಮಾತು ಓದಬಲ್ಲವರಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಮನಿಯಾರ್ಡರು ಈ ಬಗೆಯ ಇನ್ನೊಂದು ವ್ಯವಸ್ಥೆ. ಉಡುಪಿ, ಕುಂದಾಪುರದ ಕಡೆಯಿಂದ ಹೊರಟು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯುವುದರಿಂದ ಕೆಲಸ ಆರಂಭಿಸಿದ ಹುಡುಗರು ತಿಂಗಳಿಗೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿದರೆ, ಊರಿನ ಅಂಚೆಯವರು ಅದನ್ನು ಮನೆಯ ಬಾಗಿಲಿಗೆ ತಂದು ಎಣಿಸಿ ಕೊಡುತ್ತಿದ್ದರು. ಅರ್ಜಿ ನಮೂನೆಯ ಒಂದು ತುದಿಯಲ್ಲಿ ನಾಲ್ಕು ಮಾತು ಬರೆಯಲು ಜಾಗವಿತ್ತು; ಇನ್ನೊಂದು ತುಂಡು ಹಣ ಪಡೆದವರ ಸಹಿಯೊಂದಿಗೆ ಕಳುಹಿಸಿದವರಿಗೆ ಮರಳುತ್ತಿತ್ತು. ಸಹಿ ಬಾರದ ತಾಯಿ ಒತ್ತಿದ ಹೆಬ್ಬೆಟ್ಟಿನ ಗುರುತು ಹೀಗೆ ವಾರವೋ ಹತ್ತು ದಿನವೋ ಕಳೆದು ಮಗನ ಕೈಸೇರುತ್ತಿತ್ತು, ಹಣ ತಲುಪಿದೆ ಎಂಬುದರ ಜೊತೆಗೆ ಆಕೆ ಬದುಕಿದ್ದಾಳೆ ಎಂಬುದಕ್ಕೂ ಅದೇ ಪುರಾವೆ. 1970ರ ದಶಕದಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಕರಾವಳಿಯವರು ಇದಕ್ಕೆ ಧ್ವನಿಸುರುಳಿಯನ್ನು ಸೇರಿಸಿಕೊಂಡರು: ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ಟು ಕೊಟ್ಟು ಕಳುಹಿಸುವುದು, ಮನೆಯವರು ಒಟ್ಟಿಗೆ ಕುಳಿತು ಕೇಳಿ, ತಮ್ಮ ಮಾತನ್ನೂ ಧ್ವನಿಮುದ್ರಿಸಿ ಮರಳಿ ಕಳುಹಿಸುವುದು. ಈ ಎಲ್ಲದರಲ್ಲಿಯೂ ತಡವೆಂಬುದು ಎರಡೂ ಕಡೆಗೆ ಸಮನಾಗಿ ಹಂಚಿಹೋಗಿತ್ತು, ಅದಕ್ಕಾಗಿಯೇ ಯಾರೂ ಅದನ್ನು ಅವಮಾನವೆಂದು ಭಾವಿಸಲಿಲ್ಲ.

ವಾರಪತ್ರಿಕೆಯ ಧಾರಾವಾಹಿಯನ್ನೂ ಇದೇ ಸಾಲಿನಲ್ಲಿ ಇಡಬೇಕು. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’ ಮುಂತಾದ ಪತ್ರಿಕೆಗಳು ಕಾದಂಬರಿಯನ್ನು ಕಂತುಕಂತಾಗಿ ಕೊಡುತ್ತಿದ್ದಾಗ, ಒಂದು ಪ್ರತಿ ನಾಲ್ಕಾರು ಮನೆ ಸುತ್ತಿ ಮೂಲೆ ಮಡಚಿಕೊಂಡು ಹಿಂದಿರುಗುವಷ್ಟರಲ್ಲಿ ಮುಂದಿನ ಸಂಚಿಕೆ ಬರುತ್ತಿತ್ತು, ನಡುವಿನ ದಿನಗಳಲ್ಲಿ ನೀರಿನ ನಲ್ಲಿಯ ಬಳಿಯಲ್ಲಿಯೂ ಕಚೇರಿಯ ಊಟದ ಹೊತ್ತಿನಲ್ಲಿಯೂ ಓದುಗರೇ ಕಥೆಯನ್ನು ಮುಂದುವರಿಸಿ, ನಾಯಕಿ ತವರಿಗೆ ಹೋಗಬೇಕೋ ಬೇಡವೋ ಎಂದು ವಾದ ಮಾಡಿಕೊಳ್ಳುತ್ತಿದ್ದರು. ಪತ್ರಿಕೆಗೆ ಕೊನೆಯ ಪುಟವೆಂಬುದಿತ್ತು, ಆಕಾಶವಾಣಿಯ ಪ್ರಸಾರಕ್ಕೆ ಮುಕ್ತಾಯದ ಹೊತ್ತೆಂಬುದಿತ್ತು, ಗ್ರಂಥಾಲಯಕ್ಕೆ ಬಾಗಿಲು ಹಾಕುವ ಸಮಯವೆಂಬುದಿತ್ತು. ಇನ್ನು ಸಾಕು ಎಂಬ ತೀರ್ಮಾನವನ್ನು ಪ್ರತಿಯೊಬ್ಬರೂ ದಿನಕ್ಕೆ ಹತ್ತಾರು ಸಲ ತಾವೇ ಮಾಡಬೇಕಾದ ಒತ್ತಾಯವಿರಲಿಲ್ಲ. ಹಿಂದಿನದರಲ್ಲಿ ನಿಜವಾಗಿ ಹಂಬಲಿಸಬೇಕಾದದ್ದು ಏನಾದರೂ ಇದ್ದರೆ ಅದು ಇದೇ.

ಎರಡನೆಯ ಬಗೆಯ ಕಾಯುವಿಕೆಯ ಚಿತ್ರ ಬೇರೆ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ಪ್ರಕಾರ ಆ ಹೊತ್ತಿಗೆ ದೇಶದಲ್ಲಿ ನೂರು ಜನರಿಗೆ ಒಂದು ದೂರವಾಣಿಯೂ ಇರಲಿಲ್ಲ, ಸುಮಾರು 0.8 ಇತ್ತು, ಸಂಪರ್ಕಕ್ಕಾಗಿ ಹೆಸರು ಬರೆಸಿ ಕಾದಿದ್ದವರು ಸುಮಾರು 25 ಲಕ್ಷ ಮಂದಿ. ಹೆಚ್ಚಿನ ಠೇವಣಿ ಇಟ್ಟವರಿಗೆ ಸಂಪರ್ಕ ಬೇಗ ಸಿಗುವ ‘ಓವೈಟಿ’ ಎಂಬ ಯೋಜನೆಯೊಂದಿತ್ತು, ಅಂದರೆ ಸರದಿಯನ್ನು ದಾಟುವ ಹಕ್ಕನ್ನು ಸರ್ಕಾರವೇ ಮಾರುತ್ತಿತ್ತು. ಬೇರೆ ಊರಿಗೆ ಮಾತನಾಡಲು ಟ್ರಂಕ್ ಕಾಲ್ ಬುಕ್ ಮಾಡಿ, ದೂರವಾಣಿ ಕೇಂದ್ರದ ನೌಕರರು ತಂತಿ ಜೋಡಿಸಿ ಕೊಡುವವರೆಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಅದರಲ್ಲಿಯೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದು, ಮೇಲಿನ ದರ್ಜೆಗೆ ಹೋದಂತೆ ದರವೂ ಏರುತ್ತಿತ್ತು. ಹಳ್ಳಿಗಾಡಿನ ಧೂಳು, ಸೆಕೆ, ವಿದ್ಯುತ್ ಏರುಪೇರುಗಳನ್ನು ತಾಳಿಕೊಂಡು ಹವಾನಿಯಂತ್ರಣವಿಲ್ಲದೆಯೇ ಕೆಲಸ ಮಾಡುವ ಸ್ವದೇಶಿ ದೂರವಾಣಿ ವಿನಿಮಯ ಕೇಂದ್ರವನ್ನು ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ರೂಪಿಸಿ, 1986ರಲ್ಲಿ ಮೊದಲಿಗೆ ಅಳವಡಿಸಿದ್ದು ಕರ್ನಾಟಕದ ಕಿತ್ತೂರಿನಲ್ಲಿ ಎಂಬುದು ಇನ್ನಷ್ಟು ಜನರಿಗೆ ತಿಳಿದಿರಬೇಕಾದ ಸಂಗತಿ. ಬೇರೆ ಊರಿಗೆ ನೇರವಾಗಿ ಕರೆ ಮಾಡಬಹುದಾದ ಎಸ್‌ಟಿಡಿ ಬೂತುಗಳು ರಸ್ತೆಯ ಮೂಲೆಮೂಲೆಯಲ್ಲಿ ಹುಟ್ಟಿಕೊಂಡದ್ದು, ರಾತ್ರಿ ಹೊತ್ತು ಮೀರಿದ ಮೇಲೆ ಕಾಲು ದರ ಇರುತ್ತದೆಂದು ಜನ ಅಲ್ಲಿ ಸಾಲುಗಟ್ಟಿ ನಿಂತದ್ದು ಆ ಬಳಿಕದ ಕಥೆ.

ಆದರೂ ದೂರವಾಣಿಯಿಲ್ಲದೆ ಬದುಕಬಹುದಿತ್ತು. ಪಹಣಿಯಿಲ್ಲದೆ ರೈತನಿಗೆ ಬದುಕಲಾಗುತ್ತಿರಲಿಲ್ಲ. ಪಹಣಿ ಎಂದರೆ ಒಂದು ಸರ್ವೆ ನಂಬರಿನ ಜಮೀನು ಎಷ್ಟು ಎಕರೆ ಎಷ್ಟು ಗುಂಟೆ, ಮಣ್ಣು ಯಾವ ಬಗೆಯದು, ನೀರಿನ ಆಸರೆ ಏನು, ಹಿಡುವಳಿದಾರ ಯಾರು, ಅದರ ಮೇಲೆ ಯಾವ ಸಾಲವಿದೆ, ಈ ಸಾಲಿನಲ್ಲಿ ಯಾವ ಬೆಳೆ ಇದೆ ಎಂಬುದನ್ನೆಲ್ಲ ಅಂಕಣಗಳಲ್ಲಿ ಬರೆದಿಟ್ಟ ದಾಖಲೆ. ಸಹಕಾರ ಸಂಘದ ಬೆಳೆಸಾಲಕ್ಕೂ ಕೋರ್ಟಿನ ಜಾಮೀನಿಗೂ ಅದರ ನಕಲು ಬೇಕಿತ್ತು. ವಂಶಪಾರಂಪರ್ಯದ ಶಾನುಭೋಗಿಕೆ 1960ರ ದಶಕದಲ್ಲಿ ಕೊನೆಗೊಂಡ ಮೇಲೆ ಈ ಪುಸ್ತಕಗಳು ಗ್ರಾಮ ಲೆಕ್ಕಿಗರ ವಶಕ್ಕೆ ಬಂದವು. ಒಬ್ಬ ಲೆಕ್ಕಿಗರಿಗೆ ಮೂರು ನಾಲ್ಕು ಹಳ್ಳಿಗಳ ಉಸ್ತುವಾರಿ ಇರುತ್ತಿದ್ದುದರಿಂದ ಅವರು ಇಂದು ಯಾವ ಊರಿನಲ್ಲಿದ್ದಾರೆ ಎಂಬುದನ್ನು ಪತ್ತೆ ಹಚ್ಚುವುದೇ ರೈತನ ಮೊದಲ ಕೆಲಸವಾಗಿತ್ತು. ಸೋಮವಾರ ಹೋದರೆ ಜಮಾಬಂದಿಗೆ, ಅಂದರೆ ಕಂದಾಯ ಲೆಕ್ಕದ ತಪಾಸಣೆಗೆ, ಹೋಗಿದ್ದಾರೆ, ಗುರುವಾರ ಹೋದರೆ ಪುಸ್ತಕ ತಾಲ್ಲೂಕು ಕಚೇರಿಯಲ್ಲಿದೆ, ಮುಂದಿನ ವಾರ ಹೋದರೆ ನಾಳೆ ಬಾ. ಈ ‘ನಾಳೆ ಬಾ’ ಎಂಬುದಕ್ಕೆ ಒಂದು ಬೆಲೆ ಇತ್ತು, ಅದನ್ನು ಕೊಟ್ಟವರಿಗೆ ನಕಲು ಅಂದೇ ಸಿಗುತ್ತಿತ್ತು. ಬಿತ್ತನೆಯ ಹದ ಮೀರುವ ಮುಂಚೆ ಸಾಲ ಸಿಗಬೇಕಿದ್ದ ರೈತನಿಗೆ ಕಾಯುವ ಶಕ್ತಿಯೇ ಇರಲಿಲ್ಲ, ಆದ್ದರಿಂದ ಎಲ್ಲರಿಗಿಂತ ಬಡವನಾದವನೇ ಎಲ್ಲರಿಗಿಂತ ಹೆಚ್ಚು ತೆರಬೇಕಾಗುತ್ತಿತ್ತು. ಅಣ್ಣತಮ್ಮಂದಿರ ಪಾಲಾದ ಮೇಲೆ ಖಾತೆ ಬದಲಾವಣೆಯಾಗದೆ ವರ್ಷಗಟ್ಟಲೆ ಉಳಿದ ಜಮೀನುಗಳು, ಅದೇ ಕಾರಣಕ್ಕೆ ಹುಟ್ಟಿ ಮೊಮ್ಮಕ್ಕಳ ಕಾಲದವರೆಗೆ ಎಳೆದಾಡಿದ ವ್ಯಾಜ್ಯಗಳು ಯಾವ ತಾಲ್ಲೂಕಿನಲ್ಲಿಯೂ ಅಪರೂಪವಾಗಿರಲಿಲ್ಲ. ನಿಧಾನವಾಗಿದ್ದ ಆ ಕಾಲದ ನೆಮ್ಮದಿಯನ್ನು ಕುರಿತು ಬರೆಯುವವರು ತಾಲ್ಲೂಕು ಕಚೇರಿಯ ಹೊರಗಿನ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದವರನ್ನು ಮರೆಯುವುದು ಅನ್ಯಾಯ.

ತಿಳಿವಳಿಕೆಯ ವಿಷಯದಲ್ಲಿಯೂ ಇಂಥದೇ ಬಾಗಿಲುಗಳಿದ್ದವು. ಕನ್ನಡದಲ್ಲಿ ಜ್ಞಾನದ ಪುಸ್ತಕಗಳು ಇರಲಿಲ್ಲವೆಂದಲ್ಲ. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಸಿದ್ಧಪಡಿಸಿದ್ದರು, ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಇವು ಕನ್ನಡಿಗರು ಹೆಮ್ಮೆಪಡಬೇಕಾದ ಸಾಧನೆಗಳು. ಆದರೆ ಅವು ಶಾಲೆಗೆ ಬಂದಲ್ಲಿಯೂ ಬೀರುವಿನಲ್ಲಿ ಸೇರಿ, ಬೀರುವಿನ ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿರುತ್ತಿತ್ತು. ಪುಸ್ತಕ ಕಳೆದರೆ ಅವರೇ ದಂಡ ತೆರಬೇಕಾದ ನಿಯಮವಿದ್ದಾಗ ಅವರನ್ನಷ್ಟೇ ದೂರಿ ಪ್ರಯೋಜನವೂ ಇಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳ ಪಾಡಂತೂ ಇನ್ನೂ ಕಠಿಣ. ಬ್ರೈಲ್ ಲಿಪಿಯಲ್ಲಿ, ಅಂದರೆ ಬೆರಳಿನಿಂದ ಮುಟ್ಟಿ ಓದುವ ಉಬ್ಬುಚುಕ್ಕಿಗಳ ಲಿಪಿಯಲ್ಲಿ, ದೊರೆಯುತ್ತಿದ್ದ ಕನ್ನಡ ಪುಸ್ತಕಗಳು ಬೆರಳೆಣಿಕೆಯಷ್ಟಿದ್ದುದರಿಂದ ಒಬ್ಬರು ಬಿಡುವು ಮಾಡಿಕೊಂಡು ಓದಿ ಹೇಳುವವರೆಗೆ ಅವರು ಕಾಯಬೇಕಿತ್ತು, ಓದುವವರು ಬೇಸರಿಸಿದಂತೆ ಕಂಡರೆ ಅರ್ಥವಾಗದ ಪುಟವನ್ನು ಮತ್ತೊಮ್ಮೆ ಓದಿ ಎಂದು ಕೇಳಲು ಹಿಂಜರಿಯಬೇಕಿತ್ತು. ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶಗಳು ಇಂದು ಕನ್ನಡವನ್ನೂ ಓದುತ್ತವೆ. ಕನ್ನಡ ಪಠ್ಯವು ಯೂನಿಕೋಡ್‌ನಲ್ಲಿ, ಎಂದರೆ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯನ್ನು ಗೊತ್ತುಮಾಡುವ ವ್ಯವಸ್ಥೆಯಲ್ಲಿ, ಇದ್ದರೆ ಸಾಕು. ಬೇರೆ ಯಾವ ಲಾಭವನ್ನೂ ಎಣಿಸದೆ ಈ ಒಂದನ್ನೇ ತೂಕಕ್ಕಿಟ್ಟರೂ ಹಿಂದಿನ ಬದುಕೇ ಎಲ್ಲರಿಗೂ ಚೆನ್ನಾಗಿತ್ತು ಎನ್ನುವ ಮಾತು ಬಿದ್ದುಹೋಗುತ್ತದೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದಾಗ ಅದು ಇಂಥ ಕೆಲಸಗಳಿಗೆ ಒದಗುತ್ತದೆಂದು ಯಾರೂ ಊಹಿಸಿರಲಾರರು. ಕರ್ನಾಟಕದ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಿ, ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಯಾರಿಗೆ ಬೇಕಾದರೂ ನಕಲು ಸಿಗುವಂತೆ ಮಾಡಿದ್ದು ಈ ಶತಮಾನದ ಆರಂಭದಲ್ಲಿ. ಮುಂದೆ ಆ ದಾಖಲೆಗಳೇ ಜಾಲಕ್ಕೆ ಬಂದು ಮೊಬೈಲಿನಲ್ಲಿ ಕಾಣತೊಡಗಿದವು. 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಯೋಜನೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಸೇವೆಗೆ ನಾಗರಿಕರನ್ನು ಎಷ್ಟು ದಿನ ಕಾಯಿಸಬಹುದು ಎಂಬುದನ್ನು ಕಾನೂನಿನಲ್ಲಿ ಬರೆಯಿತು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಗೊತ್ತುಮಾಡಿತು. ಮೊತ್ತ ಸಣ್ಣದು. ಆದರೆ ಬಡವರ ಸಮಯಕ್ಕೂ ಬೆಲೆಯಿದೆ ಎಂದು ಸರ್ಕಾರವೇ ಬರೆದುಕೊಟ್ಟದ್ದು ಸಣ್ಣ ಸಂಗತಿಯಲ್ಲ. ಗಣಕೀಕರಣದಿಂದ ಜಮೀನಿನ ವಿವರ ದೂರದ ನಗರದ ಕೊಳ್ಳುವವರಿಗೂ ಅಷ್ಟೇ ಸುಲಭವಾಗಿ ಸಿಕ್ಕಿ, ಬೆಂಗಳೂರಿನ ಸುತ್ತಮುತ್ತ ದೊಡ್ಡ ಕುಳಗಳಿಗೆ ಅನುಕೂಲವಾಯಿತು ಎಂಬ ಟೀಕೆಯಲ್ಲಿ ಸತ್ಯವಿದೆ. ಆದರೂ ‘ನಾಳೆ ಬಾ’ ಎನ್ನುವ ಅಧಿಕಾರ ಮುರಿದದ್ದನ್ನು ಆ ಟೀಕೆ ಅಲ್ಲಗಳೆಯಲಾರದು.

ಹಾಗಾದರೆ ಕಳೆದುಹೋದದ್ದು ಏನು? ಅನ್ಯಾಯದ ಕಾಯುವಿಕೆಯನ್ನು ಕಿತ್ತ ಕೈಯೇ ಅದರ ಪಕ್ಕದಲ್ಲಿದ್ದ ಒಳ್ಳೆಯ ಕಾಯುವಿಕೆಯನ್ನೂ ಕಿತ್ತು ಹಾಕಿದ್ದು, ಕಳೆ ಕೀಳುವಾಗ ಸಸಿಯೂ ಬಂದಂತೆ, ಇಡೀ ಬದಲಾವಣೆಯ ನೋವಿನ ಭಾಗ. ಸಂದೇಶ ತಲುಪಿತು, ಓದಿಯೂ ಆಯಿತು ಎಂಬುದನ್ನು ಮೊಬೈಲಿನಲ್ಲಿ ಸಂದೇಶದ ಪಕ್ಕದ ಟಿಕ್ ಗುರುತುಗಳ ಬಣ್ಣವೇ ಹೇಳಿಬಿಡುವುದರಿಂದ, ಹತ್ತು ದಿನ ಮೌನವಾಗಿದ್ದರೂ ಕೆಡದಿದ್ದ ಸ್ನೇಹಗಳು ಹತ್ತು ನಿಮಿಷದ ಮೌನಕ್ಕೆ ಅರ್ಥ ಹಚ್ಚತೊಡಗಿವೆ. ನೋಡುವವರು ಯಾವುದರ ಮೇಲೆ ಎಷ್ಟು ಹೊತ್ತು ಕಣ್ಣು ನಿಲ್ಲಿಸಿದರೆಂಬುದನ್ನು ಲೆಕ್ಕವಿಟ್ಟು, ಮುಂದೆ ತೋರಿಸಬೇಕಾದದ್ದನ್ನು ಆ ಲೆಕ್ಕದಿಂದಲೇ ಆರಿಸುವ ಗಣನಾಕ್ರಮಕ್ಕೆ ಅಲ್ಗಾರಿದಮ್ ಎಂದು ಹೆಸರು. ಅದು ನಡೆಸುವ ಪರದೆಗೆ ಕೊನೆಯ ಪುಟವಿಲ್ಲ. ಮನೆಯ ಐವರು ಐದು ಬೇರೆ ಬೇರೆ ಪರದೆಗಳನ್ನು ನೋಡುವಾಗ, ನಾಯಕಿ ತವರಿಗೆ ಹೋಗಬೇಕೇ ಎಂದು ಜಗಳವಾಡಲು ಅವರಿಗೆ ಒಂದೇ ಕಥೆ ಉಳಿದಿರುವುದಿಲ್ಲ. ಇದನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಪಹಣಿಯನ್ನು ಬೇಗ ಕೊಡುವುದಕ್ಕೂ ಮನುಷ್ಯರ ಗಮನವನ್ನು ಗಂಟೆಗಟ್ಟಲೆ ಹಿಡಿದಿಟ್ಟು ಮಾರುವುದಕ್ಕೂ ಯಾವ ಅನಿವಾರ್ಯ ಸಂಬಂಧವೂ ಇಲ್ಲ. ಒಂದನ್ನು ಸಾರ್ವಜನಿಕ ಅಗತ್ಯಕ್ಕಾಗಿ ಕಟ್ಟಲಾಯಿತು, ಇನ್ನೊಂದನ್ನು ಜಾಹೀರಾತಿನ ಆದಾಯಕ್ಕಾಗಿ ಕಟ್ಟಲಾಯಿತು, ಎರಡೂ ಒಂದೇ ತಂತಿಯಲ್ಲಿ ಬಂದದ್ದರಿಂದ ಒಂದೇ ಎಂಬ ಭ್ರಮೆ ಹುಟ್ಟಿತು.

ಕಾಯಿಸುವ ಅಧಿಕಾರ ಪೂರ್ತಿ ಅಳಿಯಲಿಲ್ಲ ಎಂಬುದನ್ನೂ ಹೇಳಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಪಡೆಯಲು ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಬೇಕು. ಆ ಗುರುತು ದೂರದ ಸರ್ವರ್‌ಗೆ, ಅಂದರೆ ಎಲ್ಲರ ವಿವರಗಳನ್ನು ಇಟ್ಟುಕೊಂಡು ಕೇಳಿದಾಗ ಉತ್ತರ ಕೊಡುವ ಗಣಕಕ್ಕೆ, ಹೋಗಿ ಹೊಂದಾಣಿಕೆಯಾಗಿ ಬರಬೇಕು. ಗಾರೆ ಕೆಲಸದಲ್ಲಿಯೂ ಹೊಲದ ಕೆಲಸದಲ್ಲಿಯೂ ಬೆರಳಿನ ಗೆರೆ ಸವೆದವರ ಗುರುತನ್ನು ಯಂತ್ರ ಒಪ್ಪುವುದಿಲ್ಲ, ಬೆರಳು ಒರೆಸಿ ಒರೆಸಿ ಒತ್ತಬೇಕಾಗುತ್ತದೆ. ಕೆಲವು ದಿನ ‘ಸರ್ವರ್ ಡೌನ್’ ಎಂಬ ಒಂದೇ ಮಾತಿಗೆ ಇಡೀ ಸಾಲು ಕೂಲಿ ಕಳೆದುಕೊಂಡು ಮನೆಗೆ ಮರಳುತ್ತದೆ. ಮನಿಯಾರ್ಡರಿನ ಚೀಟಿಯ ಮೇಲೆ ಒತ್ತಿದ ಹೆಬ್ಬೆಟ್ಟು ಮಗನನ್ನು ತಲುಪುತ್ತಿತ್ತು, ಈ ಹೆಬ್ಬೆಟ್ಟು ಯಾರನ್ನು ತಲುಪುತ್ತದೆಂದು ಒತ್ತಿದವರಿಗೆ ತಿಳಿಯುವುದಿಲ್ಲ. ಹಳೆಯ ಲೆಕ್ಕಿಗರು ಎಷ್ಟೇ ಸತಾಯಿಸಿದರೂ ಅವರಿಗೊಂದು ಮುಖವಿತ್ತು, ಅವರ ಮೇಲೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದಿತ್ತು, ಊರ ಹಿರಿಯರಿಂದ ಹೇಳಿಸಬಹುದಿತ್ತು. ಸರ್ವರ್‌ಗೆ ಹೇಳಿಸುವುದು ಯಾರಿಂದ? 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಜಾಲಕ್ಕೆ ಹೋದಾಗ, ಮಲೆನಾಡಿನ ಮತ್ತು ದಕ್ಷಿಣ ಕನ್ನಡದ ಘಟ್ಟದಂಚಿನ ಮಕ್ಕಳು ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಬೇಕಾಯಿತು. ಅಂತರ್ಜಾಲ ಬಂದ ಮೇಲಿನ ಬದುಕನ್ನು ಕುರಿತು ಮಾತನಾಡುವಾಗ, ಅದು ಇನ್ನೂ ಎಲ್ಲರಿಗೂ ಬಂದಿಲ್ಲ ಎಂಬುದು ಹೀಗೆ ಆಗಾಗ ಬಯಲಾಗುತ್ತದೆ.

ಆದ್ದರಿಂದ ಆರಿಸಿಕೊಳ್ಳಬೇಕಾಗಿರುವುದು ಹಿಂದಿನ ಕಾಲವನ್ನೋ ಈಗಿನ ಕಾಲವನ್ನೋ ಅಲ್ಲ. ಯಾವ ಸಾರ್ವಜನಿಕ ವ್ಯವಸ್ಥೆಗಳನ್ನು ಈ ಜಾಲದ ಜೊತೆಯಲ್ಲಿಯೇ ಗಟ್ಟಿಯಾಗಿ ಉಳಿಸಿಕೊಳ್ಳಬೇಕು ಎಂಬುದನ್ನು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು, ಇಂದು ಒಂದೂವರೆ ಲಕ್ಷಕ್ಕೂ ಹೆಚ್ಚಿವೆ, ಅವುಗಳಲ್ಲಿ ಬಹುಪಾಲು ಹಳ್ಳಿಗಳಲ್ಲಿವೆ. ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು, ಹಳೆಯ ಮನಿಯಾರ್ಡರೂ ಮುಗಿಯಿತು. ಆದರೆ 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಅಂಚೆ ಪಾವತಿ ಬ್ಯಾಂಕಿನ ಮೂಲಕ ಗ್ರಾಮೀಣ ಡಾಕ್ ಸೇವಕರು ಮೊಬೈಲನ್ನೂ ಬೆರಳಚ್ಚಿನ ಯಂತ್ರವನ್ನೂ ಹಿಡಿದು ಹಾಸಿಗೆ ಹಿಡಿದ ವೃದ್ಧರ ಮನೆಗೆ ಹೋಗಿ, ಪಿಂಚಣಿಯ ಹಣವನ್ನು ಕೈಗಿಡಬಲ್ಲವರಾಗಿದ್ದಾರೆ. ಯಂತ್ರ ಒಪ್ಪದಿದ್ದರೆ ಅವರೇ ಇನ್ನೊಮ್ಮೆ ಬರುತ್ತಾರೆ, ಯಾಕೆ ಆಗಲಿಲ್ಲವೆಂಬುದನ್ನು ಮನೆಯವರಿಗೆ ಅರ್ಥವಾಗುವಂತೆ ಹೇಳುತ್ತಾರೆ. ಹಾಗೆಯೇ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾಗಿ, 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು; ಈಗ ಅವುಗಳಿಗೆ ‘ಅರಿವು ಕೇಂದ್ರ’ಗಳೆಂಬ ಹೆಸರಿದೆ. ಬೀಗವಿಲ್ಲದ ಕಪಾಟು, ದಿನಪತ್ರಿಕೆ ಹರಡಿದ ಮೇಜು, ಗಣಕಯಂತ್ರ ಇವು ಒಂದೇ ಕೋಣೆಯಲ್ಲಿರುವ ಕೇಂದ್ರಗಳಲ್ಲಿ ಮಕ್ಕಳು ಗಣಕದ ಸರದಿ ಬರುವವರೆಗೆ ಪುಸ್ತಕ ತಿರುವಿಹಾಕುತ್ತಾರೆ, ಸರದಿ ಬಂದವರ ಹೆಗಲ ಮೇಲಿಂದ ಇಣುಕಿ ಸಲಹೆ ಕೊಡುತ್ತಾರೆ. ಈ ಕೇಂದ್ರಗಳು ಸಂಜೆ ಮಕ್ಕಳಿಗೆ ಬಿಡುವಿರುವ ಹೊತ್ತಿನಲ್ಲಿ ತೆರೆದಿರಬೇಕು, ಪ್ರತಿ ವರ್ಷ ಹೊಸ ಕನ್ನಡ ಪುಸ್ತಕಗಳು ಬರಬೇಕು, ಮೇಲ್ವಿಚಾರಕರಿಗೆ ಬದುಕಲು ಸಾಕಾಗುವ ಸಂಬಳ ತಪ್ಪದೆ ಸಿಗಬೇಕು. ಇದಕ್ಕೆ ಬೇಕಾದ ಹಣವನ್ನು ಪಂಚಾಯಿತಿಗಳು ತಾವು ವಸೂಲು ಮಾಡುವ ಗ್ರಂಥಾಲಯ ಕರದಿಂದಲೂ ರಾಜ್ಯ ಸರ್ಕಾರ ತನ್ನ ಆಯವ್ಯಯದಿಂದಲೂ ಒದಗಿಸಬೇಕಾಗಿದೆ.